ಮೊದಲ ಹತ್ತು ಜನ

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ 2024ರ ಒಂದೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಹೊಸ ಕಂಪ್ಯೂಟರ್ ಗೇಮ್‌ಗಳು ಬಂದವು. ಒಂದೊಂದನ್ನೂ ಬರೀ ಒಂದು ಗಂಟೆ ಆಡಿ ನೋಡೋಣ ಎಂದು ದಿನಕ್ಕೆ ಎಂಟು ಗಂಟೆ ಕೂತರೂ, ಆ ವರ್ಷದ ಗೇಮ್‌ಗಳನ್ನು ಮುಗಿಸಲು ಆರು ವರ್ಷ ಸಾಲದು. ಅಷ್ಟರಲ್ಲಿ ಇನ್ನೂ ಲಕ್ಷದಷ್ಟು ಬಂದು ಕೂತಿರುತ್ತವೆ.

ಇವುಗಳಲ್ಲಿ ಬಹುಪಾಲು ಇಂಡಿ ಗೇಮ್‌ಗಳು. ಅಂದರೆ ದೊಡ್ಡ ಕಂಪನಿಯ ದುಡ್ಡಿನ ಬೆಂಬಲವಿಲ್ಲದೆ ಒಬ್ಬರೋ, ನಾಲ್ಕೈದು ಜನ ಸೇರಿಯೋ ಮಾಡಿದವು. ಮೊದಲು ಸ್ಟೀಮ್‌ನಲ್ಲಿ ಇಂಥ ಗೇಮ್ ಮಾರಬೇಕೆಂದರೆ ಆಟಗಾರರ ವೋಟು ಗಿಟ್ಟಿಸಬೇಕಿತ್ತು. 2017ರಲ್ಲಿ ಆ ಪದ್ಧತಿ ಹೋಯಿತು. ಈಗ ಗೇಮ್‌ಗೆ 100 ಡಾಲರ್ ಕಟ್ಟಿ, ಕೇಳಿದ ವಿವರ ತುಂಬಿದರೆ ಹೆಚ್ಚುಕಮ್ಮಿ ಯಾರು ಬೇಕಾದರೂ ಮಾರಬಹುದು. ಮಾಡುವವರಿಗೆ ಇದು ಒಳ್ಳೆಯದೇ. ಹುಡುಕುವವರಿಗೆ ತಲೆನೋವು.

ನಮ್ಮ ತುಮಕೂರಿನ ಯಾವುದಾದರೂ ಇಂಜಿನಿಯರಿಂಗ್ ಹುಡುಗರ ರೂಮಿಗೆ ಹೋಗಿ ನೋಡಿ. ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇದೆ, ಮೊಬೈಲ್ ಇದೆ, ರಾತ್ರಿ ಎರಡರವರೆಗೆ ಆಡುವ ಹುಮ್ಮಸ್ಸೂ ಇದೆ. ಆಡುವುದು ಮಾತ್ರ ಅದೇ ಬಿಜಿಎಂಐ, ಅದೇ ಫ್ರೀ ಫೈರ್, ಅದೇ ವ್ಯಾಲರಂಟ್. ಬೇರೆ ಏನೂ ಆಡಲ್ವಾ ಎಂದರೆ, "ಬೇರೆ ಏನಿದೆ ಸಾರ್?" ಎನ್ನುತ್ತಾರೆ. ಹದಿನೆಂಟು ಸಾವಿರ ಇದೆ ಕಣಪ್ಪ ಎಂದು ಹೇಳಿ ಪ್ರಯೋಜನವಿಲ್ಲ. ಅವರ ಅಭಿರುಚಿಯಲ್ಲಿ ದೋಷವೇನಿಲ್ಲ. ನಾಲ್ಕು ಜನ ಸ್ನೇಹಿತರು ಒಂದೇ ಗೇಮ್ ಆಡುತ್ತಿದ್ದರೆ ಐದನೆಯವನೂ ಅದನ್ನೇ ಆಡುತ್ತಾನೆ. ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ. ಆ ಮೊದಲ ನಾಲ್ಕು ಜನರಿಗೆ ಅದೇ ಗೇಮ್ ಯಾಕೆ ಸಿಕ್ಕಿತು?

ಇದಕ್ಕೆ ಹತ್ತಿರದ ಒಂದು ಪ್ರಯೋಗ ಗೇಮ್‌ಗಳ ಮೇಲಲ್ಲ, ಹಾಡುಗಳ ಮೇಲೆ ನಡೆದಿದೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಅಮೆರಿಕದಲ್ಲಿ ಮಾಡಿದ್ದು, 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಯಾರಿಗೂ ಪರಿಚಯವಿಲ್ಲದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣದಲ್ಲಿ ಇಟ್ಟರು. 14,341 ಜನ ಬಂದು ಕೇಳಿದರು, ಇಷ್ಟವಾದದ್ದನ್ನು ಇಳಿಸಿಕೊಂಡರು. ಒಂದಷ್ಟು ಜನರಿಗೆ ಹಾಡಿನ ಮತ್ತು ತಂಡದ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪು ಮಾಡಿ, ಪ್ರತಿ ಹಾಡಿನ ಪಕ್ಕ 'ನಿಮ್ಮ ಗುಂಪಿನಲ್ಲಿ ಇಷ್ಟು ಜನ ಇದನ್ನು ಇಳಿಸಿಕೊಂಡಿದ್ದಾರೆ' ಎಂಬ ಲೆಕ್ಕ ತೋರಿಸಿದರು. ಒಂದು ಗುಂಪಿನ ಲೆಕ್ಕ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ.

ಹಾಡುಗಳು ಅವೇ. ಎಲ್ಲ ಗುಂಪೂ ಸೊನ್ನೆಯಿಂದಲೇ ಶುರು ಮಾಡಿದ್ದು. ಆದರೂ ಗೆದ್ದ ಹಾಡುಗಳು ಗುಂಪಿನಿಂದ ಗುಂಪಿಗೆ ಬೇರೆಯಾದವು. ಲೆಕ್ಕ ನೋಡದೆ ಕೇಳಿದವರು 26ನೇ ಸ್ಥಾನ ಕೊಟ್ಟಿದ್ದ ಒಂದು ಹಾಡು, ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ತೀರಾ ಚೆನ್ನಾಗಿದ್ದವು ಪೂರ್ತಿ ಮುಳುಗಿದ್ದು ಅಪರೂಪ, ತೀರಾ ಕೆಟ್ಟವು ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಗತಿಯನ್ನು ಮಾತ್ರ ಮೊದಮೊದಲು ಬಂದ ಕೆಲವೇ ಜನರ ಆಯ್ಕೆ ಬಹುಮಟ್ಟಿಗೆ ನಿರ್ಧರಿಸಿತು.

ಗೇಮ್ ಲೋಕದಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ 'ಅಮಂಗ್ ಅಸ್'. ಅಮೆರಿಕದ ಪುಟ್ಟ ತಂಡವೊಂದು ಅದನ್ನು 2018ರಲ್ಲೇ ಬಿಡುಗಡೆ ಮಾಡಿತ್ತು. ಎರಡು ವರ್ಷ ಹೆಚ್ಚು ಜನ ತಿರುಗಿ ನೋಡಲಿಲ್ಲ. 2020ರ ಲಾಕ್‌ಡೌನ್ ಹೊತ್ತಿಗೆ ಕೊರಿಯಾ, ಬ್ರೆಜಿಲ್, ಆಮೇಲೆ ಅಮೆರಿಕದ ಕೆಲವು ಸ್ಟ್ರೀಮರ್‌ಗಳು ಅದನ್ನು ಆಡಿ ತೋರಿಸಿದರು. ಆಮೇಲೆ ನಮ್ಮ ಬಿ.ಎಚ್. ರಸ್ತೆಯ ಪಿಜಿಗಳಲ್ಲೂ ಅದೇ ಮಾತು. ಈ ಎರಡು ವರ್ಷದಲ್ಲಿ ಗೇಮ್‌ನ ಮೂಲ ಆಟ ಹಾಗೇ ಇತ್ತು. ನೋಡುವ ಕಣ್ಣುಗಳು ಬಂದವು, ಅಷ್ಟೇ.

ಹಾಗಾದರೆ ಅಂಗಡಿಯ ಶಿಫಾರಸು ಯಂತ್ರ ಏನು ಮಾಡುತ್ತಿದೆ? 'ನಿಮಗಾಗಿ' ಎಂದು ಪಟ್ಟಿ ಕೊಡುವುದೇ ಅದರ ಕೆಲಸವಲ್ಲವೇ?

ಅದು ಕೆಲಸ ಮಾಡುವ ರೀತಿ ಸರಳ. ಗುಬ್ಬಿಯ ಒಬ್ಬ ಹುಡುಗ, ಶಿರಾದ ಒಬ್ಬ ಹುಡುಗಿ ಇದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ಪರಿಚಯವಿಲ್ಲ. ಆದರೆ ಇಬ್ಬರೂ ಅದೇ ಐದು ಗೇಮ್‌ಗಳನ್ನು ತುಂಬಾ ಹೊತ್ತು ಆಡಿದ್ದಾರೆ. ಹುಡುಗ ಆರನೆಯದೊಂದನ್ನು ನಲವತ್ತು ಗಂಟೆ ಆಡಿದ. ಯಂತ್ರ ಆ ಆರನೆಯದನ್ನು ಹುಡುಗಿಗೆ ತೋರಿಸುತ್ತದೆ. ಇದಕ್ಕೆ ಕೊಲಾಬರೇಟಿವ್ ಫಿಲ್ಟರಿಂಗ್ ಎನ್ನುತ್ತಾರೆ. 1992ರಷ್ಟು ಹಿಂದೆಯೇ ಝೆರಾಕ್ಸ್ ಕಂಪನಿಯ ಸಂಶೋಧಕರು ಇಮೇಲ್ ರಾಶಿಯಿಂದ ಬೇಕಾದ್ದನ್ನು ಹೆಕ್ಕಲು ಮಾಡಿದ ಉಪಾಯಕ್ಕೆ ಇಟ್ಟ ಹೆಸರು ಅದು. ಗೇಮ್‌ನಲ್ಲಿ ಏನಿದೆ, ಕಥೆ ಎಂಥದ್ದು ಎಂಬುದು ಯಂತ್ರಕ್ಕೆ ಗೊತ್ತಿರಬೇಕಿಲ್ಲ. ಸ್ಟೀಮ್ 2019ರಲ್ಲಿ ಹೊರತಂದ ಶಿಫಾರಸು ಯಂತ್ರಕ್ಕೆ ಗೇಮ್ ಬಗ್ಗೆ ನೇರವಾಗಿ ತಿಳಿಸಿದ ಮಾಹಿತಿ ಒಂದೇ, ಅದು ಬಿಡುಗಡೆಯಾದ ದಿನಾಂಕ. ಉಳಿದದ್ದೆಲ್ಲ ಯಾರು ಏನನ್ನು ಎಷ್ಟು ಹೊತ್ತು ಆಡಿದರು ಎಂಬುದರಿಂದ ಅದೇ ಕಲಿತದ್ದು.

ತೊಡಕು ಇರುವುದೂ ಇಲ್ಲೇ. ಯಾರೂ ಆಡದ ಗೇಮ್‌ಗೆ ಆಡಿದವರ ಲೆಕ್ಕವೇ ಇಲ್ಲ. ಲೆಕ್ಕ ಇಲ್ಲದ್ದನ್ನು ಯಂತ್ರ ತೋರಿಸುವುದಿಲ್ಲ. ತೋರಿಸದೆ ಯಾರೂ ಆಡುವುದಿಲ್ಲ. ಈ ಯಂತ್ರದಿಂದ ಹೊಚ್ಚ ಹೊಸ ಗೇಮ್ ಮೇಲೆ ಬರುವುದಿಲ್ಲ ಎಂದು ಅದನ್ನು ಮಾಡಿದ, ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯೇ ಅವತ್ತು ಒಪ್ಪಿಕೊಂಡಿತ್ತು. ಶಿಫಾರಸು ವಿಜ್ಞಾನದಲ್ಲಿ ಇದಕ್ಕೆ ಕೋಲ್ಡ್ ಸ್ಟಾರ್ಟ್ ಎಂದು ಹೆಸರು.

ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹಲಸು ಪರಕೀಯ ಪರಾಗಸ್ಪರ್ಶದ ಗಿಡ. ಬೀಜದಿಂದ ಎದ್ದ ಒಂದು ಮರದ ಹಣ್ಣು ಇನ್ನೊಂದರ ಹಾಗೆ ಇರುವುದಿಲ್ಲ. ಜಿಲ್ಲೆಯಲ್ಲಿ ಎಷ್ಟು ಮರವೋ ಅಷ್ಟು ಬಗೆಯ ರುಚಿ. ಚೇಳೂರಿನ ಆ ಒಂದು ಮರದ ತೊಳೆ ತಾಮ್ರದ ಕೆಂಪು. ಮೂರು ದಶಕಕ್ಕೂ ಹೆಚ್ಚು ಕಾಲ ಅದು ತನ್ನ ಪಾಡಿಗೆ ಕಾಯಿ ಬಿಡುತ್ತಿತ್ತು, ಸುತ್ತಲಿನ ಕೆಲವರಿಗಷ್ಟೇ ಗೊತ್ತಿತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಅದರಲ್ಲಿ ಕೆಂಪು ಬಣ್ಣ ಕೊಡುವ ಲೈಕೋಪೀನ್ ಜಾಸ್ತಿ ಇದೆ ಎಂದು ಹೇಳಿ, ಕಸಿ ಸಸಿ ಮಾಡಿದ ಮೇಲೆ ದೇಶವೆಲ್ಲ ಕೇಳತೊಡಗಿತು. ಮಾರುಕಟ್ಟೆಯ ಅಂಕಿಸಂಖ್ಯೆ ಎಷ್ಟು ಜಾಲಾಡಿದರೂ ಆ ಮರ ಸಿಗುತ್ತಿರಲಿಲ್ಲ, ಯಾಕೆಂದರೆ ಅದರ ಹಣ್ಣು ಆ ಲೆಕ್ಕಕ್ಕೆ ಬಂದೇ ಇರಲಿಲ್ಲ. ಯಾರೋ ತಿಂದು, ಇದು ಬೇರೆ ಥರ ಇದೆ ಎಂದು ಗುರುತಿಸಿ, ಗೊತ್ತಿರುವವರ ತನಕ ಸುದ್ದಿ ಮುಟ್ಟಿಸಬೇಕಿತ್ತು. ಕಸಿಯ ಭಾಗವೂ ಹೊಂದುತ್ತದೆ ಅನ್ನಿ. ಒಬ್ಬನೇ ಶುರು ಮಾಡಿದ 'ವ್ಯಾಂಪೈರ್ ಸರ್ವೈವರ್ಸ್' 2022ರಲ್ಲಿ ಗೆದ್ದದ್ದೇ ತಡ, ಅದೇ ಥರದವು ಸಾಲು ಸಾಲು ಬಂದವು. ಅಂಥವನ್ನು ಗುರುತಿಸುವುದು ಯಂತ್ರಕ್ಕೆ ಸುಲಭ, ಮೊದಲನೆಯದನ್ನು ಆಡಿದವರೇ ಇವನ್ನೂ ಆಡುತ್ತಾರಲ್ಲ.

ಇನ್ನು ಅಂಕಗಳ ವಿಷಯ. ಒಂದು ಗೇಮ್‌ಗೆ 10 ವಿಮರ್ಶೆ, ಹತ್ತೂ ಒಳ್ಳೆಯವು. ಇನ್ನೊಂದಕ್ಕೆ 1,000 ವಿಮರ್ಶೆ, 900 ಒಳ್ಳೆಯವು. ಯಾವುದು ಮೇಲು? ನೂರಕ್ಕೆ ನೂರು ತೆಗೆದದ್ದೇ ಮೇಲು ಎನಿಸುತ್ತದೆ, ಅಲ್ವಾ? ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಒಂದು ಸೂತ್ರ ಇಲ್ಲಿ ಸಹಾಯಕ್ಕೆ ಬರುತ್ತದೆ. ಸಿಕ್ಕಿದ ಕೆಲವೇ ಅಭಿಪ್ರಾಯಗಳಿಂದ, ಎಲ್ಲರೂ ಆಡಿದರೆ ನಿಜವಾದ ಮೆಚ್ಚುಗೆ ಎಷ್ಟಿಂದ ಎಷ್ಟರವರೆಗೆ ಇರಬಹುದು ಎಂದು ಅದು ಅಂದಾಜು ಮಾಡುತ್ತದೆ. ಶೇ. 95ರ ಭರವಸೆಯಲ್ಲಿ ಲೆಕ್ಕ ಹಾಕಿದರೆ, ಮೊದಲನೆಯದರ ಕೆಳಗಿನ ಮಿತಿ ಶೇ. 72. ಎರಡನೆಯದರದ್ದು ಶೇ. 88. ಕೆಳಗಿನ ಮಿತಿ ನೋಡಿ ಪಟ್ಟಿ ಮಾಡುವ ಅಂಗಡಿಯಲ್ಲಿ ಎರಡನೆಯದೇ ಮೇಲೆ ಬರುತ್ತದೆ.

ಅಂಗಡಿಗೆ ಇದು ಸರಿಯಾದ ಲೆಕ್ಕ. ಮೋಸ ಹೋಗಬಾರದು ಎನ್ನುವವರಿಗೂ ಸರಿ. ಆದರೆ ಹುಡುಕಲು ಹೊರಟವರು ಇದೇ ಸೂತ್ರವನ್ನು ತಲೆಕೆಳಗೆ ಓದಬೇಕು. ಮೊದಲ ಗೇಮ್‌ನ ಮೇಲಿನ ಮಿತಿ ನೂರು, ಎರಡನೆಯದರದ್ದು ಸುಮಾರು 92. ಅಂದರೆ ಅಪರೂಪದ್ದು ಸಿಗುವ ಸಾಧ್ಯತೆ ಜಾಸ್ತಿ ಇರುವುದು ಹತ್ತೇ ವಿಮರ್ಶೆ ಇರುವ ಕಡೆ. ನಿರಾಶೆಯಾಗುವ ಸಾಧ್ಯತೆಯೂ ಅಲ್ಲೇ ಜಾಸ್ತಿ.

ಆ ನಿರಾಶೆಯ ಬೆಲೆ ಕಡಿಮೆ ಮಾಡಿಕೊಳ್ಳಲು ದಾರಿಗಳಿವೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮೇಲೆ ಹೇಳಿದ ಶಿಫಾರಸು ಯಂತ್ರದ ಪುಟದಲ್ಲಿ 'ಜನಪ್ರಿಯ'ದಿಂದ 'ಅಪರೂಪ'ದ ಕಡೆಗೆ ಎಳೆಯುವ ಒಂದು ಗುಂಡಿ (ಸ್ಲೈಡರ್) ಇದೆ. ಅದನ್ನು ಪೂರ್ತಿ ಅಪರೂಪದ ಕಡೆಗೆ ಎಳೆದು ನೋಡಿ, ಬೇರೆಯದೇ ಅಂಗಡಿಗೆ ಹೋದ ಹಾಗಾಗುತ್ತದೆ. ಇಚ್.ಐಒ ಎಂಬ ಇನ್ನೊಂದು ತಾಣ 2013ರಿಂದ ಇದೆ. ಅಲ್ಲಿ ಗೇಮ್ ಹಾಕಲು ಶುಲ್ಕವಿಲ್ಲ, ತಾಣಕ್ಕೆ ಎಷ್ಟು ಪಾಲು ಕೊಡಬೇಕೆಂದು ಮಾಡಿದವರೇ ತೀರ್ಮಾನಿಸುತ್ತಾರೆ. ಎಷ್ಟೋ ಗೇಮ್‌ಗಳು ಬ್ರೌಸರ್‌ನಲ್ಲೇ ಓಡುತ್ತವೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್ ಸಾಕು. ಜೊಳ್ಳು ಬೇಕಾದಷ್ಟಿದೆ, ಸುಳ್ಳು ಹೇಳುವುದಿಲ್ಲ.

ನನಗೆ ಹೆಚ್ಚು ಫಲ ಕೊಟ್ಟದ್ದು ಗೇಮ್ ಜಾಮ್‌ಗಳು. ಎರಡು ಮೂರು ದಿನದಲ್ಲಿ ಒಂದು ಗೇಮ್ ಮಾಡಿ ಮುಗಿಸಬೇಕೆಂಬ ಸ್ಪರ್ಧೆ ಅದು. ಸಮಯ ಕಡಿಮೆ ಇರುವುದರಿಂದ ಅಲಂಕಾರ ಇರುವುದಿಲ್ಲ, ಒಂದೇ ಒಂದು ಹೊಸ ಯೋಚನೆ ಇರುತ್ತದೆ. 'ಬಾಬಾ ಈಸ್ ಯೂ' ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ, ಪೂರ್ತಿ ಗೇಮ್ ಆಗಿ ಬಂದದ್ದು 2019ರಲ್ಲಿ. ಅದರಲ್ಲಿ ಪರದೆಯ ಮೇಲೆ ಬಿದ್ದಿರುವ ಪದಗಳೇ ಆಟದ ನಿಯಮ. ಗೋಡೆ ತಡೆಯುತ್ತದೆ ಎಂದು ಹೇಳುವ ಪದಗಳ ಸಾಲಿನಿಂದ ಒಂದು ಪದ ತಳ್ಳಿಬಿಟ್ಟರೆ, ಗೋಡೆಯೊಳಗೇ ನಡೆದುಹೋಗಬಹುದು.

ಈಗ ಬೇರೆಯವರಿಗೆ ಹೇಳುವ ಭಾಗ. 'ಸೂಪರ್ ಆಗಿದೆ, ಆಡು' ಎಂದರೆ ಅದರಲ್ಲಿ ಮಾಹಿತಿ ಏನೂ ಇಲ್ಲ. ಯಂತ್ರಕ್ಕೆ ಗೊತ್ತಿಲ್ಲದ್ದನ್ನು ನಾವು ಹೇಳಬೇಕು. ಎಷ್ಟು ಹೊತ್ತಿನ ಆಟ, ಯಾವ ಮೊಬೈಲಿನಲ್ಲಿ ಓಡುತ್ತದೆ, ಎಷ್ಟು ಇಂಗ್ಲಿಷ್ ಓದಬೇಕು, ಮುಖ್ಯವಾಗಿ ಯಾರಿಗೆ ಇಷ್ಟವಾಗುವುದಿಲ್ಲ. 'ಬಾಬಾ ಈಸ್ ಯೂ' ತಾಳ್ಮೆ ಇಲ್ಲದವರಿಗೆ ಅಲ್ಲ. ಅಷ್ಟು ಹೇಳಿದರೆ ತಾಳ್ಮೆ ಇರುವವರು ತಾವೇ ಮುಂದೆ ಬರುತ್ತಾರೆ.

ಭಾಷೆಯ ಪ್ರಶ್ನೆ ನಮ್ಮ ಕಡೆ ದೊಡ್ಡದು. ಪಾವಗಡದ ಕನ್ನಡ ಶಾಲೆಯ ಹುಡುಗಿಗೆ ಪುಟಗಟ್ಟಲೆ ಇಂಗ್ಲಿಷ್ ಮಾತುಕತೆಯ ಗೇಮ್ ಹೇಳಿದರೆ ಅದು ಶಿಕ್ಷೆ. ಅವಳಿಗೆ 'ಗೊರೊಗೋವಾ' ಹೇಳಬಹುದು. 2017ರದ್ದು, ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸುವುದೇ ಆಟ, ಕಥೆಯಲ್ಲಿ ಮಾತೇ ಇಲ್ಲ, ಮೊಬೈಲಿನಲ್ಲೂ ಸಿಗುತ್ತದೆ. 2010ರ 'ಲಿಂಬೊ'ದಲ್ಲೂ ಮಾತಿಲ್ಲ, ಆದರೆ ಹುಡುಗನನ್ನು ದೊಡ್ಡ ಜೇಡ ಅಟ್ಟಿಸಿಕೊಂಡು ಬರುತ್ತದೆ. ಚಿಕ್ಕ ಮಕ್ಕಳಿಗೆ ಬೇಡ.

ನಮ್ಮ ನಾಡಿನ ವಾಸನೆ ಇರುವುದು ಬೇಕು ಎನ್ನುವವರಿಗೆ ಪುಣೆಯ ತಂಡ 2020ರಲ್ಲಿ ತಂದ 'ರಾಜಿ' ಇದೆ. ಅದರ ಚಿತ್ರ ಚೆಂದ, ಹೊಡೆದಾಟ ಸುಮಾರು. ನಾನು ಮೊದಲು ಹೇಳುವುದು 2023ರ 'ವೆಣ್ಬಾ'. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಅಮ್ಮನೊಬ್ಬಳ ಅಡುಗೆಮನೆ, ಅರ್ಧ ಹರಿದುಹೋದ ಅಡುಗೆ ಪುಸ್ತಕ. ಶುರುವಿನಲ್ಲೇ ಇಡ್ಲಿ ಬೇಯಿಸಬೇಕು, ಹಬೆ ಸರಿಯಾಗಿ ಓಡಾಡುವಂತೆ ತಟ್ಟೆಗಳನ್ನು ಜೋಡಿಸಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಅದು ಪುಟ್ಟ ಇಡ್ಲಿ ಎಂಬ ಒಂದೇ ತಕರಾರು ಇರಬಹುದು.

'ವೆಣ್ಬಾ' ಮುಗಿಯಲು ಒಂದೂವರೆ ಗಂಟೆ ಸಾಕು. ಅಂದರೆ ಪೂರ್ತಿ ಆಡಿ, ಆಮೇಲೆ ದುಡ್ಡು ವಾಪಸ್ ಕೇಳಬಹುದು! ಎರಡು ಗಂಟೆಯ ನಿಯಮ ಹುಡುಕುವವರಿಗೆ ಎಷ್ಟು ಅನುಕೂಲವೋ, ಚಿಕ್ಕ ಗೇಮ್ ಮಾಡುವವರಿಗೆ ಅಷ್ಟೇ ಹೊಡೆತ. 2021ರಲ್ಲಿ ಒಬ್ಬ ತಯಾರಕ, ಜನ ನನ್ನ ಗೇಮ್ ಮೆಚ್ಚಿ ಮುಗಿಸಿ ಹಣ ಹಿಂಪಡೆಯುತ್ತಿದ್ದಾರೆ ಎಂದು ಹೇಳಿ ಗೇಮ್ ಮಾಡುವುದನ್ನೇ ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿದ. ಇಷ್ಟವಾಗದಿದ್ದರೆ ವಾಪಸ್ ಕೇಳುವುದು ಸರಿ. ಮುಗಿಸಿ ಕೇಳುವುದು ನನಗಂತೂ ಕಳ್ಳತನ ಎನಿಸುತ್ತದೆ.

ಕೊಂಡವರು ಇನ್ನೊಂದು ಕೆಲಸ ಮಾಡಬಹುದು. ಸ್ಟೀಮ್‌ನಲ್ಲಿ ಹತ್ತು ವಿಮರ್ಶೆ ಆಗುವ ತನಕ ಗೇಮ್‌ನ ಪಕ್ಕ ಮೆಚ್ಚುಗೆಯ ಅಂಕ ಕಾಣಿಸುವುದೇ ಇಲ್ಲ. ಎರಡು ಸಾಲು ಬರೆದು, ಹೆಬ್ಬೆರಳು ಮೇಲಕ್ಕೋ ಕೆಳಕ್ಕೋ ಒತ್ತಿದರೆ ಒಂದು ವಿಮರ್ಶೆ ಆಯಿತು. ಸ್ನೇಹಿತರಿಗೆಲ್ಲ ಪುಕ್ಕಟೆ ಕೀ (ದುಡ್ಡಿಲ್ಲದೆ ಗೇಮ್ ಪಡೆಯುವ ಕೋಡ್) ಹಂಚಿ ಹತ್ತು ಮಾಡಿಬಿಡೋಣ ಎಂದರೆ ನಡೆಯುವುದಿಲ್ಲ. 2016ರಿಂದ, ಅಂಗಡಿಯಲ್ಲೇ ದುಡ್ಡು ಕೊಟ್ಟು ಕೊಂಡವರ ವಿಮರ್ಶೆ ಮಾತ್ರ ಆ ಅಂಕದ ಲೆಕ್ಕಕ್ಕೆ ಸೇರುತ್ತದೆ.