ಗೋಡೆಗೆ ಸಿಡಿದ ಕೆಂಪು

ಮಳೆಗಾಲದಲ್ಲಿ ಸೂರಿನ ನೀರು ಅಂಗಳದ ಕೆಮ್ಮಣ್ಣಿಗೆ ಬಿದ್ದು, ಸುಣ್ಣ ಬಳಿದ ಗೋಡೆಯ ಬುಡಕ್ಕೆ ಮೊಳದೆತ್ತರ ಕೆಂಪು ಸಿಡಿಸುತ್ತದಲ್ಲ, ಅದನ್ನು ತಡೆಯಲು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮುಂದೆ ಭೌತವಿಜ್ಞಾನ ಓದಿ ನಾನು ಸಂಬಳ ತೆಗೆದುಕೊಂಡದ್ದೂ ಹೆಚ್ಚುಕಡಿಮೆ ಇದೇ ಕೆಲಸಕ್ಕೆ. ಅಲ್ಲಿ ಹೀಗೆ ಸಿಡಿಸಿ ತೆಳು ಪದರ ಕೂರಿಸುವುದರ ಹೆಸರು ಸ್ಪಟರಿಂಗ್.

ಗಾಳಿ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆ. ಒಳಗೆ ಸ್ವಲ್ಪ ಆರ್ಗಾನ್ ಅನಿಲ. ವಿದ್ಯುತ್ ಕೊಟ್ಟರೆ ಆರ್ಗಾನ್ ಅಯಾನುಗಳು ಸೂರಿನ ಹನಿಗಳಂತೆ ಲೋಹದ ಬಿಲ್ಲೆಗೆ ಅಪ್ಪಳಿಸುತ್ತವೆ, ಸಿಡಿದ ಪರಮಾಣುಗಳು ಎದುರಿಗಿರುವ ಸಿಲಿಕಾನ್ ಬಿಲ್ಲೆಗೆ ಹೋಗಿ ಅಂಟುತ್ತವೆ. ನಡುವೆ ಒಂದು ಶಟರ್ ಇರುತ್ತದೆ, ಅದೇ ನಮ್ಮ ಸೋಗೆ ತಟ್ಟಿ. ಬೇಕಾದಷ್ಟು ದಪ್ಪ ಕೂತ ಕೂಡಲೇ ಮುಚ್ಚಬೇಕು. ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ನಮಗೆ ಬೇಕಾದದ್ದು ಕೆಲವೊಮ್ಮೆ ಒಂದೇ ನ್ಯಾನೋಮೀಟರ್, ಐದಾರು ಸಾಲು ಪರಮಾಣು.

ಇಷ್ಟು ತೆಳುವಾದದ್ದು ಯಾತಕ್ಕೆ ಎಂದು ಅಮ್ಮ ಕೇಳಿದ್ದಳು. ಉತ್ತರ 1988ರಲ್ಲಿದೆ. ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರುನ್‌ಬರ್ಗ್, ಇಬ್ಬರೂ ಬೇರೆಬೇರೆಯಾಗಿ, ಕಬ್ಬಿಣದ ಪದರಗಳ ನಡುವೆ ಕ್ರೋಮಿಯಂ ಇಟ್ಟು ನೋಡಿದರು. ಕ್ರೋಮಿಯಂ ಸರಿಯಾದ ದಪ್ಪಕ್ಕಿದ್ದರೆ ಅಕ್ಕಪಕ್ಕದ ಕಬ್ಬಿಣದ ಪದರಗಳು ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಮುಖ ಮಾಡುತ್ತವೆ. ಎಲೆಕ್ಟ್ರಾನಿಗೂ ತನ್ನದೇ ಪುಟ್ಟ ಕಾಂತ ಉಂಟು, ಅದಕ್ಕೆ ಸ್ಪಿನ್ ಎನ್ನುತ್ತಾರೆ. ಪದರಗಳು ಎದುರುಬದುರಾದರೆ ಯಾವ ಸ್ಪಿನ್ನಿನ ಎಲೆಕ್ಟ್ರಾನಾದರೂ ಎಲ್ಲೋ ಒಂದು ಕಡೆ ಎಡವಲೇಬೇಕು. ಹೊರಗಿನಿಂದ ಕಾಂತ ಹಿಡಿದು ಪದರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ಅರ್ಧದಷ್ಟು ಎಲೆಕ್ಟ್ರಾನುಗಳಿಗೆ ದಾರಿ ಸಲೀಸು, ವಿದ್ಯುತ್ ರೋಧ ಇಳಿಯುತ್ತದೆ. ಫರ್ಟ್ ಅವರ ಅತಿಶೀತ ಪದರಗಳಲ್ಲಿ ಅದು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. 1997ರ ಹೊತ್ತಿಗೆ ಐಬಿಎಂ ಇದನ್ನು ಹಾರ್ಡ್‌ಡಿಸ್ಕ್ ಓದುವ ಸೂಜಿಮೊನೆಗೆ ಇಳಿಸಿತು. 2007ರಲ್ಲಿ ಇಬ್ಬರಿಗೂ ನೊಬೆಲ್. ಅಮ್ಮನಿಗೆ ನಾನು ಹೇಳಿದ್ದು ಮಾತ್ರ, ‘ಕಂಪ್ಯೂಟರಿಗೆ’ ಅಂತ ಅಷ್ಟೇ.

ಪುಸ್ತಕಗಳಲ್ಲಿ ಬರೆಯದ ಕಷ್ಟ ನೀರಿನದು. ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಗಿನ ಒತ್ತಡದ ನೂರು ಕೋಟಿಯಲ್ಲೊಂದು ಪಾಲಿಗೆ ಇಳಿಸಿದರೂ, ಉಳಿದ ಅನಿಲವೆಲ್ಲ ಅಂಟಿಕೊಂಡರೆ ಒಂದೆರಡು ಸೆಕೆಂಡಿನಲ್ಲಿ ಒಂದು ಪದರ ಕೂತುಬಿಡುತ್ತದೆ. ಅದರಲ್ಲೂ ಮೊಂಡು ಅತಿಥಿ ನೀರಾವಿ. ಶಿವಮೊಗ್ಗದ ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆದು, ಹಪ್ಪಳ ಮೆತ್ತಗಾಗುವ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ತೆರೆದರೆ ಒಳಗೋಡೆಗೆಲ್ಲ ನೀರಿನ ಅಣುಗಳು. ಪಂಪು ಎಷ್ಟು ಎಳೆದರೂ ಬಿಡವು. ಆಗ ಪೆಟ್ಟಿಗೆಗೆ ಬಿಸಿಪಟ್ಟಿ ಸುತ್ತಿ ರಾತ್ರಿಯಿಡೀ ಕಾಯಿಸುತ್ತಿದ್ದೆವು, ಬಚ್ಚಲೊಲೆಯ ಮೇಲೆ ಒದ್ದೆ ಬಟ್ಟೆ ಹರವಿದ ಹಾಗೆ. ನಡುರಾತ್ರಿ ಕರೆಂಟು ಹೋದರೆ ಮತ್ತೆ ಮೊದಲಿಂದ.

ಎರಡನೆಯ ಶತ್ರು ಆ ಕೆಮ್ಮಣ್ಣೇ, ಅಂದರೆ ಅದರೊಳಗಿನ ಕಬ್ಬಿಣ. ಸಿಲಿಕಾನಿನಂಥ ಅರೆವಾಹಕ ಲೆಕ್ಕ ಮಾಡುತ್ತದೆ, ಕಾಂತ ನೆನಪಿಟ್ಟುಕೊಳ್ಳುತ್ತದೆ. ಎರಡೂ ಗುಣ ಒಂದೇ ವಸ್ತುವಿನಲ್ಲಿ ಸಿಗಲಿ ಎಂಬುದು ಹಳೆಯ ಆಸೆ. ಮ್ಯಾಂಗನೀಸ್ ಬೆರೆಸಿದ ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ಸಿಕ್ಕಿತು, ಆದರೆ ಕೊರೆಯುವ ಚಳಿಯಲ್ಲಿ ಮಾತ್ರ. ಕೋಣೆಯ ಶಾಖದಲ್ಲೇ ಬೇಕೆಂದು ಲೋಕವೆಲ್ಲ ಸತುವಿನ ಆಕ್ಸೈಡ್‌ನಂಥವುಗಳ ಬೆನ್ನು ಹತ್ತಿತು. 2004ರಲ್ಲಿ ಹಾಫ್ನಿಯಂ ಆಕ್ಸೈಡ್ ಪದರ ಕಾಂತವಾಗಿದೆ ಎಂಬ ಸುದ್ದಿ ಬಂತು. ಮರುವರ್ಷ ಬೇರೊಂದು ತಂಡ ಅಂಥ ಪದರಗಳಲ್ಲಿ ಕಾಂತತ್ವವೇ ಕಾಣಲಿಲ್ಲ ಎಂದಿತು. ಸ್ಟೀಲ್ ಚಿಮುಟದಲ್ಲಿ ಹಿಡಿದಾಗ ಮಾತ್ರ ಕಂಡಿತಂತೆ!

ನಾನು ನಗಲಿಲ್ಲ. ನನ್ನದೊಂದು ಸತುವಿನ ಆಕ್ಸೈಡ್ ಪದರವೂ ಅಷ್ಟರಲ್ಲಿ ಕಾಂತವಾಗಿ ಕುಣಿದಿತ್ತು, ಎರಡು ವಾರ ನಿದ್ದೆ ಬಂದಿರಲಿಲ್ಲ. ಇಷ್ಟು ತೆಳುವಾದ ಪದರದ ಅಳತೆ ಕೆಡಿಸಲು ಗ್ರಾಮಿನ 10 ಲಕ್ಷದಲ್ಲೊಂದು ಪಾಲು ಕಬ್ಬಿಣ ಸಾಕು. ತುಂಗೆಯ ಮರಳಿನಲ್ಲಿ ಸ್ಪೀಕರಿನ ಕಾಂತ ಎಳೆದಾಡಿ ಕಪ್ಪು ಹರಳು ಹೆಕ್ಕಿದ ಯಾವ ಹುಡುಗನಿಗೂ ಗೊತ್ತು, ನಮ್ಮ ನೆಲದಲ್ಲಿ ಅದಕ್ಕೇನು ಬರ. ತುಣುಕನ್ನು ತೊಳೆದು, ಪ್ಲಾಸ್ಟಿಕ್ ಚಿಮುಟದಲ್ಲಿ ಎತ್ತಿ ಮತ್ತೆ ಅಳೆದೆ. ಗ್ರಾಫಿನ ಗೆರೆ ಮಲಗಿತು, ಕಾಂತ ಮಾಯ.

ತೊಳೆಯದೆ ಉಳಿದ ಅದರ ಜೋಡಿ ತುಣುಕನ್ನು ಎಸೆಯಲಿಲ್ಲ. ಹೊಸ ವಿದ್ಯಾರ್ಥಿ ಬಂದಾಗಲೆಲ್ಲ ಏನೂ ಹೇಳದೆ ಮೊದಲು ಅದನ್ನೇ ಅಳೆಯಲು ಕೊಡುತ್ತಿದ್ದೆ. ಸಂಜೆ ಓಡಿ ಬಂದು, ‘ಸಾರ್, ಕಾಂತ ಇದೆ’ ಎನ್ನುತ್ತಿದ್ದರು. ಒಬ್ಬಳು ಮಾತ್ರ ಸುಮ್ಮನೆ ಬಂದು, ‘ಸಾರ್, ಇದನ್ನ ಯಾವುದರಲ್ಲಿ ಹಿಡಿದಿದ್ರಿ?’ ಎಂದು ಕೇಳಿದಳು.