ಮಾರುತಿಗಿಂತ ಮೊದಲು ಬಂದ ಬೆಂಗಳೂರಿನ ಪುಟ್ಟ ಕಾರು

ಮಾರುತಿ 800 ಬರುವುದಕ್ಕೂ ಮುಂಚೆ ಬೆಂಗಳೂರಿನಲ್ಲೇ ಒಂದು ಪುಟ್ಟ ಕಾರು ತಯಾರಾಗುತ್ತಿತ್ತು. ಹೆಸರು ಸಿಪಾನಿ ಡಾಲ್ಫಿನ್. ಎಂಜಿನಿಯರಿಂಗ್ ಸರಿಯಿಲ್ಲದೆ ಅದು ಸೋತಿತು ಎನ್ನುವವರಿದ್ದಾರೆ. ನಮ್ಮ ಹೊಸೂರಿನ ತಳಿ ರಸ್ತೆಯ ಒಂದು ಶೆಡ್ಡಿನಲ್ಲಿ ಅಂಥದ್ದೊಂದು ಇದೆ ಎಂದು ಗೊತ್ತಾದಾಗ ಹೋಗದೆ ಇರಲು ಆಗಲಿಲ್ಲ.

ಕಾರು ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕದು. ಬಾಗಿಲು ಎರಡೇ. ಮಾಲೀಕರು ಕನ್ನಡದವರು. ಒಂದು ಅಯಸ್ಕಾಂತ ತಂದು ಬಾಗಿಲಿಗೆ ಹಿಡಿದರು. ಅಂಟದೆ ಜಾರಿತು. "ಬಾಡಿ ಪೂರ್ತಿ ಫೈಬರ್ ಸಾರ್, ತುಕ್ಕಿನ ಮಾತೇ ಇಲ್ಲ," ಎಂದರು. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕುಗಳಿದ್ದವು, ಅಷ್ಟೇ. ಬಗ್ಗಿ ಕೆಳಗೆ ನೋಡಿದರೆ ಕಥೆಯೇ ಬೇರೆ: ಬಾಡಿಯನ್ನು ಹೊರುವ ಚೌಕಟ್ಟು, ಅಂದರೆ ಚಾಸಿ, ಕಬ್ಬಿಣದ್ದು, ಅಲ್ಲಲ್ಲಿ ವೆಲ್ಡಿಂಗ್ ಮಾಡಿ ತೇಪೆ ಹಾಕಿದ್ದರು.

ಈ ಫೈಬರ್ ಬಾಡಿಯಲ್ಲೇ ಡಾಲ್ಫಿನ್‌ನ ಚರಿತ್ರೆ ಅಡಗಿದೆ. 1970ರ ದಶಕದಲ್ಲಿ ರಸ್ತೆ ಮೇಲೆ ಇದ್ದದ್ದು ಅಂಬಾಸಿಡರ್, ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಕಾರು ಮಾಡಲು ದೆಹಲಿಯ ಲೈಸೆನ್ಸ್ ಬೇಕಿತ್ತು, ಕೊಳ್ಳಲು ವರ್ಷಗಟ್ಟಲೆ ಕಾಯಬೇಕಿತ್ತು. ತಗಡಿನ ಬಾಡಿ ಒತ್ತುವ ಯಂತ್ರ, ಅಚ್ಚುಗಳಿಗೆ ಭಾರಿ ಬಂಡವಾಳ ಬೇಕು. ಫೈಬರ್‌ಗೆ ಹಾಗಲ್ಲ. ಅಚ್ಚಿನೊಳಗೆ ಗಾಜಿನ ನಾರು ಹಾಸಿ, ಒಣಗಿದರೆ ಗಟ್ಟಿಯಾಗುವ ರೆಸಿನ್ ಎಂಬ ಅಂಟು ಬಳಿದು, ಪದರ ಪದರವಾಗಿ ಕೈಯಲ್ಲೇ ಮಾಡಬಹುದು. ಸಣ್ಣ ಕಂಪನಿಗೆ ಇದ್ದದ್ದು ಅದೊಂದೇ ದಾರಿ. ಬೆಂಗಳೂರಿನ ಸನ್‌ರೈಸ್ ಆಟೊಮೋಟಿವ್ ಹೀಗೇ ಬಾದಲ್ ಎಂಬ ಮೂರು ಚಕ್ರದ ಕಾರು ತಂದಿತು. ಮುಂದೆ ಅದೇ ಸಿಪಾನಿ ಆಟೊಮೊಬೈಲ್ಸ್ ಆಯಿತು.

ಡಾಲ್ಫಿನ್ ಬಂದದ್ದು 1982ರಲ್ಲಿ. ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನದು. 848 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದೂ ಅಲ್ಯೂಮಿನಿಯಂನದು. ಹಗುರ ಕಾರು, ಹಾಗಾಗಿ ದಕ್ಷಿಣದ ಕಾರ್ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಎಂಜಿನಿಯರಿಂಗ್‌ನಲ್ಲಿ ಅದು ಸೋತಿತು ಎಂದು ನಾನು ಒಪ್ಪುವುದಿಲ್ಲ.

ಆದರೆ ಕೈಯಲ್ಲಿ ಮಾಡುವ ಬಾಡಿ ಎಷ್ಟು ತಯಾರಾದೀತು? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಸರ್ಕಾರದ್ದೇ ಕಂಪನಿ, ಸುಜುಕಿಯ ತಂತ್ರಜ್ಞಾನ, ತಗಡಿನ ಬಾಡಿ, ನಾಲ್ಕು ಬಾಗಿಲು. ಡಾಲ್ಫಿನ್‌ಗೆ ಎರಡೇ ಬಾಗಿಲು. ಮನೆಮಂದಿಯೆಲ್ಲ ಹತ್ತಿ ಹೋಗುವ ಕಾರಿನಲ್ಲಿ ಹಿಂದಿನ ಸೀಟಿಗೆ ಹೋಗಲು ಮುಂದಿನವರು ಇಳಿಯಬೇಕು ಅಂದರೆ ಯಾರಿಗೆ ಇಷ್ಟ ಆಗುತ್ತೆ? ಫೈಬರ್ ಒಡೆದು ಹೋದೀತು ಎಂಬ ಭಯ ಬೇರೆ. ಸಿಪಾನಿ 1987ರಲ್ಲಿ ನಾಲ್ಕು ಬಾಗಿಲಿನ ಮೊಂಟಾನಾ ತಂದಿತು. ಅಷ್ಟರಲ್ಲಿ ತಡವಾಗಿತ್ತು.

ಅದೇ ಹೊತ್ತಿಗೆ, ಗಡಿಯ ಈಚೆ ಹೊಸೂರಿನಲ್ಲಿ 1980ರಿಂದ ಟಿವಿಎಸ್ 50 ಮೊಪೆಡ್ ತಯಾರಾಗಿ ಊರೂರಿಗೆ ಹೋಗುತ್ತಿತ್ತು. ಅದರ ಬೆನ್ನಿಗೆ ದೊಡ್ಡ ಉದ್ಯಮ ಸಮೂಹವಿತ್ತು, ಸಿಪಾನಿಗೆ ಆ ಬಲ ಇರಲಿಲ್ಲ.

ಈಗ ಉಳಿದಿರುವ ಡಾಲ್ಫಿನ್‌ಗಳಿಗೆ ಬಿಡಿಭಾಗ ಸಿಗುವುದೇ ಕಷ್ಟ. ಕಾನೂನಿನ ಆಸರೆಯೂ ಸದ್ಯಕ್ಕಿಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ಮಾತ್ರ ವಿಂಟೇಜ್. 1982ರ ಡಾಲ್ಫಿನ್ ಆ ಪಟ್ಟಿಗೆ ಸೇರುವುದು 2032ಕ್ಕೆ. ಅಲ್ಲಿಯವರೆಗೆ ಮಾಮೂಲಿ ಹಳೇ ಕಾರಿನ ಹಾಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸುತ್ತಲೇ ಇರಬೇಕು.