ಗದ್ದಕ್ಕೆ ಹೊಲಿಗೆ ಬಿದ್ದರೆ ಕಿವಿಯ ಮುಂದೆಯೂ ನೋಡಿ

ಮಕ್ಕಳು ಬಿದ್ದು ಗದ್ದ ಒಡೆದುಕೊಳ್ಳುವುದು ಯಾವ ಮನೆಗೂ ಹೊಸದಲ್ಲ. ಬಚ್ಚಲಲ್ಲಿ ಜಾರುತ್ತಾರೆ, ಮೆಟ್ಟಿಲಿಂದ ಉರುಳುತ್ತಾರೆ, ಸೈಕಲ್ ಹ್ಯಾಂಡಲ್ ದಾಟಿ ಮುಗ್ಗರಿಸುತ್ತಾರೆ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವಾಗ ದಿಢೀರ್ ಬ್ರೇಕ್ ಹಾಕಿದರಂತೂ ಮೊದಲು ತಗಲುವುದೇ ಗದ್ದ. ರಕ್ತ ಜಾಸ್ತಿ ಬರುವುದರಿಂದ ಮನೆಯವರು ಗಾಬರಿಯಾಗಿ ಹತ್ತಿರದ ಕ್ಲಿನಿಕ್‌ಗೆ ಓಡುತ್ತಾರೆ. ಮೂರ್ನಾಲ್ಕು ಹೊಲಿಗೆ, ಟಿಟಿ ಇಂಜೆಕ್ಷನ್, ನೋವಿಗೊಂದು ಸಿರಪ್. ವಾರದಲ್ಲಿ ಹೊಲಿಗೆ ಬಿಚ್ಚಿಸಿದರೆ ಆಯಿತು ಅಂದುಕೊಳ್ಳುತ್ತಾರೆ.

ಹೆಚ್ಚಿನ ಮಕ್ಕಳಲ್ಲಿ ನಿಜಕ್ಕೂ ಅಷ್ಟೇ. ಆದರೆ ಕೆಲವರಲ್ಲಿ ದೊಡ್ಡ ಪೆಟ್ಟು ಆಗಿರುವುದು ಗದ್ದಕ್ಕಲ್ಲ, ಕಿವಿಯ ಮುಂದಿನ ಕೀಲಿಗೆ. ಅದನ್ನು ಯಾರೂ ನೋಡಿರುವುದಿಲ್ಲ.

ನಿಮ್ಮ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಏನೋ ಜರುಗಿದಂತೆ ಆಗುತ್ತದಲ್ವಾ? ಅದು ಕೆಳದವಡೆಯ ತುದಿ. ನಾವು ವೈದ್ಯರು ಅದನ್ನು ಕಾಂಡೈಲ್ ಅನ್ನುತ್ತೇವೆ. ಕೆಳದವಡೆ ಲಾಳದ ಹಾಗೆ ಬಾಗಿದ ಒಂದೇ ಮೂಳೆ. ಅದರ ನಟ್ಟನಡುವೆ, ಅಂದರೆ ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯ ಉದ್ದಕ್ಕೂ ಸಾಗಿ ಎರಡು ತುದಿಗಳಿಗೆ ತಲುಪುತ್ತದೆ. ಕಾಂಡೈಲ್‌ನ ಕುತ್ತಿಗೆ ತೆಳ್ಳಗಿರುವುದರಿಂದ ಅಲ್ಲೇ ಮುರಿಯುತ್ತದೆ. ಬಿಸಿಲಲ್ಲಿ ಪೆರೇಡ್‌ಗೆ ನಿಂತ ಸೈನಿಕರು ತಲೆ ಸುತ್ತಿ ನೇರ ಗದ್ದದ ಮೇಲೆ ಬಿದ್ದಾಗ ಗದ್ದ ಮತ್ತು ಎರಡೂ ಕಾಂಡೈಲ್ ಒಟ್ಟಿಗೆ ಮುರಿಯುವುದುಂಟು. ಇದಕ್ಕೆ ಗಾರ್ಡ್ಸ್‌ಮನ್ ಫ್ರ್ಯಾಕ್ಚರ್ ಅನ್ನುವ ಹೆಸರೇ ಇದೆ.

"ಮೂಳೆ ಮುರಿದಿದ್ರೆ ಮಗು ಸುಮ್ನೆ ಇರ್ತಿತ್ತಾ ಡಾಕ್ಟ್ರೇ?" ಅಂತ ಎಷ್ಟೋ ತಾಯಂದಿರು ಕೇಳುತ್ತಾರೆ. ಇರುತ್ತದೆ. ಊತ ಅಷ್ಟಾಗಿ ಕಾಣುವುದಿಲ್ಲ. ಊಟ ಬೇಡ ಅಂದರೆ ಹೊಲಿಗೆಯ ನೋವು ಅಂದುಕೊಳ್ಳುತ್ತೇವೆ. ಹಾಲು, ಗಂಜಿ ಕುಡಿಸುತ್ತೇವೆ. ಅಷ್ಟರಲ್ಲಿ ನೋವೂ ಇಳಿಯುತ್ತದೆ.

ಹಾಗಾಗಿ ಹೊಲಿಗೆ ಹಾಕಿಸಿದ ಮಾರನೇ ದಿನ ನೀವೇ ಮಗುವನ್ನು ಬೆಳಕಿಗೆ ಕೂರಿಸಿ ನೋಡಿ. ಬಾಯಿ ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ಜರುಗುತ್ತದೆಯೇ? ಯಾವ ಪಕ್ಕಕ್ಕೆ ಹೋಗುತ್ತದೋ ಸಾಮಾನ್ಯವಾಗಿ ಆ ಕಡೆಯ ಕೀಲಿಗೆ ಪೆಟ್ಟಾಗಿರುತ್ತದೆ. ಹಲ್ಲು ಕಚ್ಚಿದಾಗ ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟುತ್ತಿಲ್ಲವೇ? ಎರಡೂ ಕಡೆ ಮುರಿದಿರಬಹುದು. ಮಗುವಿನ ಮೂರು ಬೆರಳು, ನಿಮ್ಮದಲ್ಲ, ಅದರದ್ದೇ ಬೆರಳು, ಒಂದರ ಮೇಲೊಂದು ಬಾಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಅದೂ ಒಂದು ಸುಳಿವು. ಕಿವಿಯಿಂದ ರಕ್ತ ಬಂದಿದ್ದರೆ ಮಾರನೇ ದಿನದವರೆಗೆ ಕಾಯಬೇಡಿ. ಕಾಂಡೈಲ್ ಹಿಂದಕ್ಕೆ ತಳ್ಳಿ ಕಿವಿಯ ಗೋಡೆ ಹರಿದಿರಬಹುದು, ತಲೆಬುರುಡೆಗೂ ಪೆಟ್ಟಾಗಿರಬಹುದು.

ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು. ಇಡೀ ದವಡೆ, ಎರಡೂ ಕೀಲು ಒಟ್ಟಿಗೆ ಕಾಣುವ ಓಪಿಜಿ ಎಂಬ ಎಕ್ಸ್‌ರೇ ಸಾಕಾಗುತ್ತದೆ. ಆದರೆ ಅದಕ್ಕೆ ಅಲುಗಾಡದೆ ನಿಲ್ಲಬೇಕು, ತೀರಾ ಚಿಕ್ಕವರಿಂದ ಆಗುವುದಿಲ್ಲ. ಅವರಿಗೆ ಸಿಟಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಸಮಯಕ್ಕೆ ಗೊತ್ತಾದರೆ ಚಿಕ್ಕ ಮಕ್ಕಳಲ್ಲಿ ಹೆಚ್ಚಿನ ಸಲ ಆಪರೇಷನ್ ಬೇಡ. ಬೆಳೆಯುವ ಮೂಳೆ ತನ್ನ ಆಕಾರವನ್ನು ಬಹುಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಸ್ವಲ್ಪ ದಿನ ಮೆತ್ತಗಿನ ಊಟ, ನೋವಿಗೆ ಔಷಧಿ. ಹಲ್ಲು ಸರಿಯಾಗಿ ಕೂರದಿದ್ದರೆ ಮಾತ್ರ ಒಂದು ವಾರ, ಹತ್ತು ದಿನ ದವಡೆ ಕಟ್ಟುತ್ತೇವೆ. ಆಮೇಲೆ ಬಾಯಿಯ ವ್ಯಾಯಾಮ. ಮನೆಯ ಹಿರಿಯರು ಪ್ರೀತಿಯಿಂದಲೇ "ಬಾಯಿ ಜಾಸ್ತಿ ಆಡಿಸ್ಬೇಡ ಕಂದ" ಅನ್ನುತ್ತಾರೆ. ದಯವಿಟ್ಟು ತಿಂಗಳುಗಟ್ಟಲೆ ಹಾಗೆ ಮಾಡಿಸಬೇಡಿ. ಪೆಟ್ಟಾದ ಕೀಲಿನೊಳಗೆ ರಕ್ತ ತುಂಬಿರುತ್ತದೆ. ಕೀಲು ಆಡದೆ ಕೂತರೆ ಆ ರಕ್ತ ಗಟ್ಟಿಯಾಗಿ, ನಾರಾಗಿ, ಕೊನೆಗೆ ಮೂಳೆಯೇ ಆಗಬಹುದು. ಕೆಳದವಡೆ ತಲೆಬುರುಡೆಗೆ ಬೆಸೆದುಕೊಂಡುಬಿಡುತ್ತದೆ. ಇದೇ ಆಂಕೈಲೋಸಿಸ್.

ಅಂಥ ಮಗು ನಮ್ಮ ಮುಂದೆ ಕೂತಾಗ ಕಾಣುವುದು ಹೀಗೆ. ಹಲ್ಲುಗಳ ಸಂದಿಯಲ್ಲಿ ಚಮಚದ ತುದಿಯೂ ಹೋಗುವುದಿಲ್ಲ. ಅನ್ನವನ್ನು ಬೆರಳಿಂದ ಕಿವುಚಿ, ಹಲ್ಲಿನ ಪಕ್ಕದಿಂದ ತಳ್ಳಿ ತಿನ್ನುತ್ತದೆ. ಬ್ರಷ್ ಹೋಗದೆ ಒಳಗಿನ ಹಲ್ಲೆಲ್ಲ ಹುಳುಕು. ಬೆಳವಣಿಗೆಯ ಒಂದು ಕೇಂದ್ರ ಕಾಂಡೈಲ್‌ನಲ್ಲೇ ಇರುವುದರಿಂದ ಗದ್ದ ಹಿಂದೆ ಉಳಿದಿರುತ್ತದೆ, ಒಂದೇ ಕಡೆ ಬೆಸೆದಿದ್ದರೆ ಮುಖ ವಾರೆಯಾಗಿರುತ್ತದೆ. ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಮ್ಮಾ, ರಾತ್ರಿ ಗೊರಕೆ ಹೊಡೀತಾನಾ?" "ಹೌದು ಡಾಕ್ಟ್ರೇ, ದೊಡ್ಡೋರಿಗಿಂತ ಜೋರು. ಮಧ್ಯೆ ಮಧ್ಯೆ ಉಸಿರೇ ನಿಂತಂಗೆ ಆಗುತ್ತೆ." ದವಡೆ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತಿದೆ ಎಂದು ಇದರ ಅರ್ಥ. ಬಾಯಿ ತೆರೆಯದಿರುವುದಕ್ಕಿಂತ ನನಗೆ ಹೆಚ್ಚು ಭಯ ಇದರದ್ದೇ. ಬೀಳದೆಯೂ ಕೀಲು ಹೀಗೆ ಬೆಸೆದುಕೊಳ್ಳಬಹುದು. ಕಿವಿ ಸೋರುವ ಸೋಂಕು ಪಕ್ಕದ ಕೀಲಿಗೆ ಹರಡಿದರೂ ಸಾಕು.

ಆಗ ಆಪರೇಷನ್ ಬಿಟ್ಟು ದಾರಿಯಿಲ್ಲ. ಬಾಯಿ ತೆರೆಯದ ಮಗುವಿಗೆ ಅರಿವಳಿಕೆ ಕೊಡುವುದೇ ದೊಡ್ಡ ಕೆಲಸ. ತೆಳ್ಳಗಿನ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಇಳಿಸಿ ಉಸಿರಿನ ದಾರಿ ಹುಡುಕಬೇಕು. ನಂತರ ಬೆಸೆದ ಮೂಳೆಯನ್ನು ಪೂರ್ತಿ ತೆಗೆದು, ಮತ್ತೆ ಕೂಡಿಕೊಳ್ಳದಂತೆ ನಡುವೆ ಕಣತಲೆಯ ಸ್ನಾಯುವಿನ ತುಂಡು ಹೊದಿಸುತ್ತೇವೆ. ಬೇಕಾದರೆ ಪಕ್ಕೆಲುಬಿನಿಂದ ಹೊಸ ಕಾಂಡೈಲ್ ಕೂರಿಸುತ್ತೇವೆ. ಕಣ್ಣು ಮುಚ್ಚಿಸುವ, ನಗಿಸುವ ಮುಖದ ನರ ಪಕ್ಕದಲ್ಲೇ ಹಾದುಹೋಗುವುದರಿಂದ ಇಲ್ಲಿ ಆತುರ ನಡೆಯುವುದಿಲ್ಲ.

ಅಷ್ಟು ಮಾಡಿದರೂ ಫಲ ನಿಂತಿರುವುದು ಐಸ್‌ಕ್ರೀಮ್ ಕಡ್ಡಿಗಳ ಮೇಲೆ. ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು, ಮಧ್ಯಕ್ಕೆ ಇನ್ನೊಂದು, ಮತ್ತೊಂದು ತೂರಿಸುತ್ತಾ ಬಾಯಿ ಅಗಲಿಸಬೇಕು. ದಿನಕ್ಕೆ ಹಲವು ಸಲ, ಕನಿಷ್ಠ ಆರು ತಿಂಗಳಿಂದ ಒಂದು ವರ್ಷ. ನೋವಾಗುತ್ತದೆ, ಮಗು ಅಳುತ್ತದೆ. ಅದಕ್ಕೇ ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಶುರುಮಾಡಿ. ಅಯ್ಯೋ ಪಾಪ ಎಂದು ಬಿಟ್ಟರೆ ಕೀಲು ಮತ್ತೆ ಬೆಸೆಯುತ್ತದೆ, ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ.

ಸಂಶಯ ಬಂದರೆ ಹುಡುಕಬೇಕಾದದ್ದು ಓರಲ್ ಆಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ, ಅಂದರೆ ಬಾಯಿ, ದವಡೆ, ಮುಖದ ಆಪರೇಷನ್ ಮಾಡುವ ವಿಭಾಗವನ್ನು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ, ಜಿಲ್ಲೆಗಳ ದಂತ ಕಾಲೇಜುಗಳಲ್ಲೂ ಅದು ಇರುತ್ತದೆ. ಹೊಲಿಗೆ ಹಾಕಿದ ಚೀಟಿ ತೆಗೆದುಕೊಂಡು ಹೋಗಿ. ಬಿದ್ದ ದಿನಾಂಕ ಅದರಲ್ಲಿರುತ್ತದೆ. ಮುರಿದ ಕೀಲನ್ನು ಆಡಿಸಲು ಯಾವಾಗ ಶುರುಮಾಡಬೇಕು ಎಂದು ಆ ದಿನದಿಂದಲೇ ಲೆಕ್ಕ ಹಾಕುತ್ತೇವೆ.